ಸಾಲಿನ ತುದಿಗೆ ಬಿಟ್ಟ ಗುರುತು

ಪ್ರೇಮಕುಮಾರ ಈಗ ನಮ್ಮ ಓಣ್ಯಾಗ ಬರೂದಿಲ್ಲ. ತನ್ನ ಆಫೀಸಿಗೆ ಹೋಗಬೇಕಂದ್ರ ಬಸ್‌ಸ್ಟ್ಯಾಂಡ ಸುತ್ತು ಹಾಕಿ, ಕಿರಾಣಿ ಅಂಗಡಿ ಹಿಂದಿನ ಗಟಾರ ದಾಟಿ, ಗಾಡಿ ತಳ್ಳಿಕೊಂಡು ಹೋಗ್ತಾನ. ಮೊದಲ ಇಲ್ಲೇ ನಮ್ಮ ಕಟ್ಟಿ ಮುಂದ ಭರ್ರಂತ ಹೊಡಕೊಂಡು ಹೋಗ್ತಿದ್ದ, ಧೂಳ ನನ್ನ ಮಾರಿಗೆ ಬಡಿಯೂವಂಗ. ಅವನ ಗಾಡಿ ಸಪ್ಪಳ ಈ ಕಡೆ ಕೇಳದ ಆರು ತಿಂಗಳಾತು. ನಂಗ ಭಾಳ ಸಮಾಧಾನ ಐತಿ. ಹಂಗ ಬರಿ ಗೀತಾ, ಸಮಾಧಾನ ಐತಿ ಅಂತನ ಬರಿ. ಸೇಡು ತೀರಿಸಿಕೊಂಡಾವ್ರು ಆಮ್ಯಾಲ ಮರಗ್ತಾರ ಅಂತ ಮಂದಿ ಹೇಳ್ತಾರಲ್ಲ, ನಾ ಎಪ್ಪತ್ತಾರು ವರ್ಷ ಬದುಕೇನಿ, ಎರಡು ಸಲ ಸೇಡು ತೀರಿಸೇನಿ, ಒಮ್ಮೆರ ಮರುಗಿದ್ರ ಕೇಳು.

ನಾ ಸಿದ್ದಲಿಂಗವ್ವ. ಇಳಕಲ್ಲಾಗ ನೇಕಾರ ಓಣಿ. ಬರಕೊಳ್ಳಾಕತ್ತಕಿ ನನ್ನ ಮೊಮ್ಮಗಳು ಗೀತಾಂಜಲಿ. ನಾ ಹೇಳಾಕತ್ತಿದ್ದು ಇಕಿ ಅವ್ವನ ಕಥಿ, ಅಂದ್ರ ನನ್ನ ಸೊಸಿ ಮಹೇಶ್ವರಿದು. ಆಕಿನ್ನ ಕೇಳಿದ್ರ ಎರಡು ಮಾತಿನ್ಯಾಗ ಮುಗಿಸಿ ಎದ್ದು ಹೋಗ್ತಾಳ. ಅದಕ್ಕ ನಾನ ಹೇಳಬೇಕಾತು.

ಮಹೇಶ್ವರಿ ಪಟ್ಟದಕಲ್ಲಿನಕಿ. ಅವರಪ್ಪಂದು ಅಲ್ಲಿ ಗುಡಿ ನೋಡಾಕ ಬರೂ ಮಂದಿಗೆ ಚುನಮರಿ, ಶೇಂಗಾ, ಶರಬತ್ತು ಮಾರೋ ಸಣ್ಣ ಅಂಗಡಿ. ನಾವು ಹೆಣ್ಣು ನೋಡಾಕ ಬಾದಾಮಿ ಬಸ್ಸಿಗೆ ಹೋಗಿ ಇಳಿದ್ರ, ಹುಡುಗಿ ಇನ್ನೂ ಅಂಗಡ್ಯಾಗ ನಿಂತಿತ್ತು. ಬಸ್ಸು ಅವತ್ತ ಲಗೂನ ಬಂದುಬಿಟ್ಟಿತ್ತು, ಪಾಪ, ಸೀರಿನೂ ಉಟ್ಟಿರಲಿಲ್ಲ. ಗಿರಾಕಿ ಜೋಡಿ ಮಾತಾಡಕೋತ, ಅವರ ಮಾರಿನ ನೋಡಕೋತ, ಕೆಳಗ ಕೈಲೆ ಕಾಗದದ ಪೊಟ್ಟಣ ಸುತ್ತಿ ಶೇಂಗಾ ತುಂಬಿ ಕೊಡಾಕತ್ತಿತ್ತು. ಒಂದು ಸಲ ಸೈತ ಕೈ ಕಡೆ ನೋಡಲಿಲ್ಲ. ನಾ ನನ್ನ ಮಗ ನಾಗಲಿಂಗಗ ಅಲ್ಲೇ ಕಿವ್ಯಾಗ ಹೇಳಿದೆ, "ಇಕಿನ್ನ ಬಿಡಬ್ಯಾಡ. ಕೈ ನೋಡದ ಕೆಲಸ ಮಾಡೋ ಹೆಣ್ಣು ಮಗ್ಗದ ಮನಿಗೆ ಬೇಕು." ಅಂವ ಏನ ನೋಡಿದ್ನೋ ಯಾರಿಗ್ಗೊತ್ತು, ಹೂಂ ಅಂದ.

ಆದ್ರ ಆಕಿ ಮಗ್ಗಕ್ಕ ಕುಂದರಲಿಲ್ಲ. ಕಾಲೇಜಿನ್ಯಾಗ ಕಂಪ್ಯೂಟರ್ ಕಲ್ತಿದ್ಲು. ಅದರ ಹುಚ್ಚು. ನಾಗಲಿಂಗ ಗ್ರಾನೈಟ್ ಪಾಲಿಶ್ ಫ್ಯಾಕ್ಟರ್ಯಾಗ ದುಡೀತಾನ. ಒಮ್ಮೆ ಹುನಗುಂದಕ್ಕ ಕಲ್ಲು ಇಳಿಸಾಕ ಹೋದಾಗ ಅಲ್ಲಿ ಒಂದು ಸಾಲ್ಯಾಗ ಹಳೇ ಕಂಪ್ಯೂಟರ್ ಹೊರಗ ಒಗೆಯಾಕತ್ತಿದ್ರಂತ. ಟೆಂಪೋದಾಗ ಕಲ್ಲಿನ ನಡುವ ಗೋಣಿಚೀಲ ಹಾಸಿ ಒಂದು ತಂದ. ಅವತ್ತ ಆಕಿ ಮಾರಿ ನೋಡಬೇಕಿತ್ತು ನೀವು. ಮದಿವ್ಯಾಗ ತಾಳಿ ಕಟ್ಟಿಸಿಕೊಂಡಾಗ ಸೈತ ಅಷ್ಟು ನಕ್ಕಿರಲಿಲ್ಲ.

ಹಳೇ ಡಬ್ಬಿ ಅದು. ಏನರ ದೊಡ್ಡದು ತಗದ್ರ ಉಬ್ಬಸ ಬಂದ ಮುದುಕನಂಗ ಹುಂ ಹುಂ ಅಂತ ನಿಂತುಬಿಡ್ತಿತ್ತು. ಮ್ಯಾಲ ನಮ್ಮ ಮನ್ಯಾಗ ಇಲಿ ಕಾಟ. ಎರಡನೇ ವಾರದಾಗ ಮೌಸಿನ ತಂತಿ ಕಡದು ಹಾಕಿದ್ವು. ಇನ್ನೊಂದು ತರ್ತೇನಿ ಅಂದ ನಾಗಲಿಂಗ. ಇಕಿ ಬ್ಯಾಡ ಅಂದ್ಲು. ಪ್ರೋಗ್ರಾಮು ಬರಿಯಾಕ ಎಡಿಟರ್ ಅಂತ ಬೇಕಾಗ್ತದಂತ, ನಾವು ಬರಿಯಾಕ ಪಾಟಿ ಹಿಡೀತೇವಲ್ಲ, ಹಂಗ. ಅದರಾಗ ಒಂದು ಜಾತಿದಕ್ಕ ಮೌಸು ಬೇಕಾಗೂದಿಲ್ಲ, ಕೈ ಬೆರಳಷ್ಟ ಸಾಕು, ಹಳೇ ಡಬ್ಬಿ ಮ್ಯಾಲನೂ ಹಗರಕ ನಡೀತದ. ಹೆಸರು ವಿಮ್ ಅಂತ.

"ಪಾತ್ರಿ ತಿಕ್ಕೂದಾ?" ಅಂದೆ ನಾ.

"ಅದಲ್ರಿ ಅತ್ತಿ," ಅಂತ ನಕ್ಕಳು.

ಪರದಿ ಪೂರಾ ಕರಿ. ಅದರ ಮ್ಯಾಲ ಬಿಳಿ ಅಕ್ಷರ. ಗುಂಡಿ ಇಲ್ಲ, ಚಿತ್ರ ಇಲ್ಲ, ಏನಿಲ್ಲ. ಮೊದಲ ತಿಂಗಳು ಆಕಿ ಸಿಟ್ಟಿಲೆ ಅತ್ತಿದ್ದು ನಾ ನೋಡೇನಿ. ಒಂದು ಗುಂಡಿ ಒತ್ತಿದ್ರ ಬರಿತೈತಿ, ಇನ್ನೊಂದು ಒತ್ತಿದ್ರ ಬರಿಯೂದ ಬಿಟ್ಟು ಸಾಲು ನುಂಗತೈತಿ. ಹೊರಗ ಬರಬೇಕಂದ್ರ ಅದಕ್ಕ ಬ್ಯಾರೆನ ಐತಿ, ಮೂಲ್ಯಾಗಿನ ಗುಂಡಿ ಒತ್ತಿ ಮತ್ತ ಏನೇನೋ. ಗೊತ್ತಿಲ್ಲದವರು ಒಳಗ ಹೋದ್ರ ಹೊರಗ ಬರೂದಿಲ್ಲ. ಇದನ್ನ ನೆಪ್ಪಿಟ್ಟುಕೊಳ್ರಿ, ಮುಂದ ಬೇಕಾಗ್ತದ. ಒಂದು ವರ್ಷ ಆತು ನೋಡು, ನಸಿಕಿನ್ಯಾಗ ನೀರು ಬರೂದರೊಳಗ ಕುಂತು ಟಕಟಕಟಕ ಅಂತ ಬರಿಯಾಕತ್ತಿದ್ರ ನಾ ಮಲಕೊಂಡಲ್ಲೇ ಕೇಳಿ, ನಮ್ಮ ಮಗ್ಗ ಮತ್ತ ಶುರು ಆತೇನು ಅನಸ್ತಿತ್ತು. ಕೈ ನೋಡೂದಿಲ್ಲ ಆಕಿ. ಪಟ್ಟದಕಲ್ಲಿನ ಶೇಂಗಾ ಪೊಟ್ಟಣ ನಂಗ ಮತ್ತ ಮತ್ತ ನೆಪ್ಪಾಗ್ತಿತ್ತು.

ಆಮ್ಯಾಲ ಪ್ರೇಮಕುಮಾರನ ಆಫೀಸಿಗೆ ಸೇರಿದ್ಲು. ಬಸ್‌ಸ್ಟ್ಯಾಂಡ ಹತ್ರ ಸೀರಿ ಅಂಗಡಿ ಮ್ಯಾಲಿನ ಮಾಳಗಿ. ಸೀರಿ ಅಂಗಡ್ಯಾವ್ರಿಗೆ, ಗ್ರಾನೈಟ್‌ನವರಿಗೆ ಪ್ರೋಗ್ರಾಮು ಮಾಡಿ ಕೊಡೂ ಧಂದೆ. ಅಂವ ಕೆಟ್ಟವ ಅಂತ ಮೊದಲ ಗೊತ್ತಾಗಲಿಲ್ಲ. ಕೂದಲಕ್ಕ ಭಾಳ ಎಣ್ಣಿ ಹಚ್ಚತಿದ್ದ, ಅಷ್ಟ. ಎಣ್ಣಿ ಹಚ್ಚಿದಾವ್ರೆಲ್ಲಾ ಕೆಟ್ಟವರಲ್ಲ, ನಿಮ್ಮ ಮುತ್ಯಾನೂ ಹಚ್ಚತಿದ್ದ. ಅದಿರಲಿ.

ಒಂದು ದಿವಸ ಮಹೇಶ್ವರಿ ಗೀತಾನ್ನ ಸಾಲಿಂದ ಕರಕೊಂಡು ಬರಾಕ ಹೋಗಿದ್ಲು. ಆ ಹೊತ್ತಿನ್ಯಾಗ ಒಬ್ಬ ದೊಡ್ಡ ಗಿರಾಕಿ ಬಂದ. ಅವನ ಕೆಲಸ ಇಕಿ ಕಂಪ್ಯೂಟರದಾಗಿತ್ತು. ಪ್ರೇಮಕುಮಾರ "ನಾನ ತೋರಿಸ್ತೇನಿ ಬರ್ರಿ" ಅಂತ ಇಕಿ ಖುರ್ಚಿ ಮ್ಯಾಲ ಕುಂತ. ಕರಿ ಪರದಿ. ಒಂದು ಗುಂಡಿ ಒತ್ತಿದ, ಕೆಳಗಿನದು ಮ್ಯಾಲ ಬಂತು. ಇನ್ನೊಂದು ಒತ್ತಿದ, ಒಂದು ಸಾಲ ಮಾಯ ಆತು. ಮೌಸು ಹಿಡದು ಎಳದಾಡಿದ, ಏನೂ ಆಗಲಿಲ್ಲ. ಬಾಗಲಾ ಮುಚ್ಚೂ ಚೌಕ ಹುಡುಕಿದ, ಇಲ್ಲ. ಮಷೀನು ಟಣ್ ಟಣ್ ಅಂತ ಒದರಾಕತ್ತು. ಗಿರಾಕಿ ಹಿಂದ ನಿಂತಾನ. ಕಸ ಹೊಡಿಯೂ ರಂಗವ್ವ ಬಾಗಲದಾಗ ನಿಂತು ಎಲ್ಲಾ ನೋಡಾಕತ್ತಾಳ. ರಂಗವ್ವನ ಬಾಯಿ ಅಂದ್ರ ಬಾಯಿ. "ಯಾಕ್ರಿ ಸಾಹೇಬ್ರ, ಒಳಗೇನೋ ಹೋದ್ರಿ, ಬಾಗಲಾ ಸಿಗವಲ್ದೇನ್ರಿ?" ಅಂದ್ಲಂತ. ಗಿರಾಕಿ ಕಿಸಕ್ಕನ ನಕ್ಕುಬಿಟ್ಟ. ಕಡೀಕ ಪ್ರೇಮಕುಮಾರ ಎದ್ದು ಗ್ವಾಡ್ಯಾಗಿನ ವಾಯರ ಕಿತ್ತಿದ.

ಮರುದಿವಸ ಎಲ್ಲಾರ ಮುಂದ ಮಹೇಶ್ವರಿನ್ನ ನಿಲ್ಲಿಸಿದ.

"ಈ ಕರಿ ಪಾಟಿ ಅಂಗನವಾಡ್ಯಾಗ ಛಲೋ. ನನ್ನ ಆಫೀಸಿನ್ಯಾಗ ನಾಳಿಂದ ಎಲ್ಲಾರೂ ವಿಎಸ್ ಕೋಡ್. ಮೌಸ್ ಹಿಡಿಯಾಕ ಬರ್ತೈತೋ, ಮಗ್ಗದ ಲಾಳಿನ ಬೇಕೋ ನಿಂಗ?"

"ಬರ್ತೈತಿ ಸರ್," ಅಂದ್ಲಂತ ಇಕಿ.

"ಬರದಿದ್ರ ಮನ್ಯಾಗ ರೊಟ್ಟಿ ಬಡಿ. ನಿಮ್ಮತ್ತಿಗೂ ಆರಾಮ."

ನನ್ನ ಹೆಸರು ತಗದ. ನಾ ಅವತ್ತಿಗೆ ಅವನ ಹೆಸರು ಮನಸಿನ್ಯಾಗ ಬರದಿಟ್ಟೆ.

ಸಂಜಿಕ ಮಹೇಶ್ವರಿ ಮನಿಗೆ ಬಂದು ಖರೇನ ರೊಟ್ಟಿ ಬಡಿಯಾಕ ಕುಂತ್ಲು. ಬಡಿಯೂ ಸಪ್ಪಳ ಕೇಳಿದ್ರ ಹಿಟ್ಟಿನ ಮ್ಯಾಲ ಸಿಟ್ಟು ಐತಿ ಅಂತ ಗೊತ್ತಾಗ್ತಿತ್ತು. ನಾ ಕೇಳಿದೆ, "ಆ ವಿಎಸ್ ಕೋಡ್ ಅನ್ನೂ ಬಣ್ಣದ ಎಡಿಟರ್ ಅಷ್ಟು ಕೆಟ್ಟೈತೇನು?"

"ಇಲ್ರಿ ಅತ್ತಿ. ಖರೆ ಹೇಳ್ಲೇನು? ಅದೂ ಛಲೋ ಐತಿ. ತಪ್ಪು ಬರದ್ರ ಕೆಳಗ ಕೆಂಪು ಗೆರಿ ಎಳೀತದ. ಅರ್ಧ ಮಾತು ಬರದ್ರ ಉಳದಿದ್ದು ತಾನ ಹೇಳ್ತದ. ಹೊಸಬರಿಗೆ ಅದ ಛಲೋ. ಆದ್ರ ನನ್ನ ಬೆರಳು ಇದಕ್ಕ ಹೊಂದ್ಯಾವ. ಅದರಾಗ ಕುಂತ್ರ ನಾ ಎರಡು ಸಲ ವಿಚಾರ ಮಾಡ್ತೇನಿ, ಇದರಾಗ ಒಂದ ಸಲ."

"ಹಂಗಂದ್ರ ಬಿಟ್ಟು ಬಾ ಅವನ ಆಫೀಸು."

"ಬಿಟ್ರ ಅಂವ ಗೆದ್ದಂಗ."

ಅದು ನಂಗ ಸೇರಿತು. ಆಕಿ ಮೆತ್ತಗ ಮಾತಾಡ್ತಾಳ, ಒಳಗ ಮೆತ್ತಗಿಲ್ಲ. ಅವತ್ತ ತನ್ನಷ್ಟಕ್ಕ ತಾನ ತೀರ್ಮಾನ ಮಾಡಿದ್ಲು: ಆಫೀಸಿನ್ಯಾಗ ಅವನ ಬಣ್ಣದ್ದು, ಮನ್ಯಾಗ ತನ್ನ ಕರೀದು. ಎರಡೂ ಕೈಗೆ ಹಚ್ಚಿಕೊಂಡ್ಲು. ನಮ್ಮಲ್ಲಿ ಕುಣಿ ಮಗ್ಗದಾಗ ಕಾಲ ಇಳಿಬಿಟ್ಟು ನೇಯ್ದಾವ್ರು ಪಾವರ್‌ಲೂಮಿಗೆ ಹೋಗಿ ದುಡದು ಬಂದು ಮತ್ತ ಮನ್ಯಾಗ ಕುಣಿಗೆ ಇಳೀತಿದ್ರಲ್ಲ, ಹಂಗ.

ಆಫೀಸಿನ್ಯಾಗ ಕುಂತು ಕುಂತು ಆಕಿ ಒಂದು ಸಂಗತಿ ನೋಡಿಕೊಂಡಿದ್ಲು. ಪ್ರೇಮಕುಮಾರ ತನ್ನ ಆಫೀಸಿನ ಎಲ್ಲಾ ಕಂಪ್ಯೂಟರದಾಗ ಎಡಿಟರಿಗೆ ಒಂದು ಹುಕುಂ ಹಾಕಿಟ್ಟಿದ್ದ: ಫೈಲು ಉಳಿಸಿದಾಗೆಲ್ಲಾ ಸಾಲಿನ ತುದಿಗೆ ಉಳದ ಖಾಲಿ ಜಾಗಾ ತಾನ ಅಳಿಸಿಬಿಡಬೇಕು. ಅಂಗಳ ಕಸ ಹೊಡದಂಗ. ಅದೇನು ತಪ್ಪಲ್ಲ, ಭಾಳ ಮಂದಿ ಹಂಗ ಮಾಡ್ತಾರಂತ. ಖಾಲಿ ಜಾಗಾ ಇದ್ರೂ ಪ್ರೋಗ್ರಾಮು ನಡೀತದ, ಹೋದ್ರೂ ನಡೀತದ. ಕಣ್ಣಿಗೂ ಕಾಣೂದಿಲ್ಲ.

ಕಣ್ಣಿಗೆ ಕಾಣೂದಿಲ್ಲ ಅಂದಾಗ ನಂಗ ನನ್ನ ಹಸರ ಎಳಿ ನೆಪ್ಪಾತು. ಅದನ್ನ ಹೇಳದಿದ್ರ ಮುಂದಿಂದು ತಿಳಿಯೂದಿಲ್ಲ.

ಇಳಕಲ್ ಸೀರಿದು ಒಡಲು ಬ್ಯಾರೆ, ಸೆರಗು ಬ್ಯಾರೆ. ಒಡಲಿನ ಹಾಸಿನ ಎಳಿಗೆ ಸೆರಗಿನ ಕೆಂಪು ರೇಶ್ಮಿ ಎಳಿ ಒಂದೊಂದ ಕೊಂಡಿ ಹಾಕಿ ಕೂಡಿಸ್ತೇವಿ. ಸಾವಿರಗಟ್ಟಲೆ ಕೊಂಡಿ. ನಾ ಕೊಂಡಿ ಹಾಕೂವಾಗ ಎಡಗಡೆ ಅಂಚಿಂದ ಹನ್ನೊಂದನೇದಕ್ಕ ಒಂದು ಹಸರ ಎಳಿ ಸುತ್ತಿ ಬಿಡ್ತಿದ್ದೆ. ಯಾರಿಗೂ ಕಾಣೂದಿಲ್ಲ. ಎದಕ್ಕಂದ್ರ, ಸುಮ್ನ. ನನ್ನ ಕೈ ಅಂತ ನಂಗ ಗೊತ್ತಿರಲಿ ಅಂತ. ಒಮ್ಮೆ ನಮಗ ನೂಲು ಕೊಡೂ ಸಾವಕಾರ ಹೊಳಬಸಪ್ಪ, ಎಲ್ಲಿದೋ ಒಂದು ಹರಕ ನೇಯ್ಗಿ ಸೀರಿ ತಂದು, "ಸಿದ್ದಲಿಂಗವ್ವ, ಇದು ನಿಂದ, ನಿನ್ನ ಕೈ ಕೆಟ್ಟೈತಿ, ಮಗ್ಗಾ ಬಿಡು" ಅಂದ. ಓಣಿ ಮಂದಿ ನಿಂತಿದ್ರು. ನಾ ಸೀದಾ ಅವನ ಮನಿ ಒಳಗ ಹೋಗಿ ಅವನ ಹೆಂಡ್ತಿನ್ನ ಹೊರಗ ಕರದೆ. "ಯವ್ವಾ, ಉಟ್ಟಿರೋ ಸೀರಿ ಸೆರಗ ತೋರಸ್ರಿ" ಅಂದೆ. ಅದು ನಾ ನೇಯ್ದದ್ದು. ಹನ್ನೊಂದನೇ ಕೊಂಡಿ ತೋರಿಸಿದೆ, ಹಸರ. ಆಮ್ಯಾಲ ಅವನ ಹರಕ ಸೀರಿ ತೋರಿಸಿದೆ, ಅಲ್ಲೇನೂ ಇಲ್ಲ. ತನ್ನ ಹೆಂಡ್ತಿ ಮುಂದ ಅವನ ಮಾರಿ ಬಸಳಿ ಸೊಪ್ಪು ಕುದಿಸಿದಂಗಾತು. ಅದು ನನ್ನ ಮೊದಲನೇ ಸೇಡು. ಪ್ರೇಮಕುಮಾರ ಆ ಹೊಳಬಸಪ್ಪನ ಮನಿತನದಾವ ಅಲ್ಲ, ಸಂಬಂಧನೂ ಇಲ್ಲ. ಆದ್ರ ನಂಗ ಇಬ್ಬರದೂ ಮಾರಿ ಒಂದ ಕಂಡಂಗ ಆಗ್ತಿತ್ತು.

ಆ ವರ್ಷ ಮಹೇಶ್ವರಿ ಮನ್ಯಾಗ ಒಂದು ಪ್ರೋಗ್ರಾಮು ಬರಿಯಾಕ ಹತ್ತಿದ್ಲು. ಸೀರಿ ಅಂಚಿನ ನಕ್ಷಿ ಕಂಪ್ಯೂಟರದಾಗ ತಗದ್ರ, ಮಗ್ಗದ ಮ್ಯಾಲ ನಕ್ಷಿ ಎಬ್ಬಿಸೂ ಜಕಾರ್ಡಿನ ರಟ್ಟಿಗೆ ಎಲ್ಲೆಲ್ಲಿ ತೂತು ಹೊಡೀಬೇಕು ಅಂತ ಅದ ಹೇಳ್ತದ. ಮೊದಲ ಇದಕ್ಕ ಚೌಕದ ಕಾಗದದ ಮ್ಯಾಲ ಚುಕ್ಕಿ ಇಡೂ ಮಂದಿ ಇದ್ರು, ಈಗ ಇಬ್ಬರೋ ಮೂವರೋ ಉಳದಾರ, ಅವರಿಗೂ ಕಣ್ಣು ಕಾಣವಲ್ವು. ನಾ ಬಾಜು ಕುಂತು ಹೇಳ್ತಿದ್ದೆ, ಗೋಮಿ ಅಂಚು ಹಿಂಗ, ಚಿಕ್ಕಿ ಅಂಚು ಹಿಂಗ ಅಂತ. ನಾ ಹೇಳಿದ್ದು ಆಕಿ ಬರದ್ಲು. ಎರಡು ವರ್ಷ ಹಿಡೀತು. ಇಪ್ಪತ್ನಾಲ್ಕು ಫೈಲು. ನಾ ಎಣಿಸೇನಿ. ಶುರುವಿಗೆ ಗೀತಾನ ಸಲುವಾಗಿ ಒಂದು ಕೆಂಪು ನವಿಲು ಬರೂವಂಗ ಮಾಡಿದ್ಲು.

ಮುಗಿದ ದಿವಸ ನಾ ಕೇಳಿದೆ, "ಗುರುತು ಹಾಕಿದ್ಯೇನು?"

"ಎಂಥಾ ಗುರುತ್ರಿ?"

"ಹಸರ ಎಳಿ."

ಆಕಿ ಡಬ್ಬಿ ತಿರುಗಿ ಚಾಲೂ ಮಾಡಿದ್ಲು. ಮತ್ತ ಕುಂತ್ಲು. ಒಂದೊಂದ ಫೈಲಿನ್ಯಾಗೂ ಸಾಲಿನ ತುದಿಗೆ ಖಾಲಿ ಜಾಗಾ ಬಿಟ್ಟುಕೋತ ಹೋದ್ಲು. ಮೊದಲನೇ ಸಾಲಿಗೆ ಒಂದು, ಆಮ್ಯಾಲ ಎರಡು, ಮೂರು, ಮತ್ತ ಎರಡು, ಮತ್ತ ಒಂದು. ನಮ್ಮ ಸೆರಗಿನ ತೋಪುತೆನಿ ನಕ್ಷಿ ಗುಡಿ ಗೋಪುರದಂಗ ಏರಿ ಇಳಿದಂಗ. ಯಾರಿಗೂ ಕಾಣೂದಿಲ್ಲ. ನಾನೂ ನೋಡಿದೆ, ನಂಗೂ ಕಾಣಲಿಲ್ಲ.

ಆಮ್ಯಾಲ ಭೋಳೆತನ ಮಾಡಿದ್ಲು. ನಂಬಿಕಿ ಅನ್ರಿ. ಪೆನ್‌ಡ್ರೈವಿನ್ಯಾಗ ಹಾಕಿ ಪ್ರೇಮಕುಮಾರಗ ಕೊಟ್ಲು, "ಸರ್, ನೇಕಾರ ಸಂಘಕ್ಕ ತೋರಿಸೂಣಾ?" ಅಂತ. ಅಂವ ಒಂದು ವಾರ ಇಟ್ಟುಕೊಂಡು, "ಇದು ಉಪಯೋಗಿಲ್ಲ, ಹೆಂಗಸರು ರಂಗೋಲಿ ಹಾಕಿದಂಗೈತಿ" ಅಂತ ತಿರುಗಿ ಕೊಟ್ಟ. ಅದ ತಿಂಗಳು, "ಕೆಲಸ ಕಮ್ಮಿ ಆಗ್ಯಾವ, ನಾಳಿಂದ ನೀ ಬರಬ್ಯಾಡ" ಅಂದ.

ಮೂರು ತಿಂಗಳ ಮ್ಯಾಲ ಅಕ್ಬರಸಾಬ ನಮ್ಮನಿಗೆ ಬಂದ. ಅಂವ ನಮ್ಮ ಓಣಿ ನೇಕಾರ ಸಂಘದ ಅಧ್ಯಕ್ಷ, ನನ್ನ ಗಂಡನ ಜೋಡಿ ಮಗ್ಗಾ ಕಲ್ತಾವ. ಚಾ ಕುಡಕೋತ ಮೊಬೈಲ್ ತಗದ. "ಸಿದ್ದಲಿಂಗಕ್ಕಾ, ನೋಡು, ಪ್ರೇಮಕುಮಾರ ಎಂಥಾದ್ದು ಮಾಡ್ಯಾನ! ಇನ್ನ ಅಂಚಿನ ನಕ್ಷಿ ಚಿಂತಿ ಹೋತು." ತೋರಿಸಿದ. ಪ್ರೋಗ್ರಾಮು ನಡಿಯೂ ವಿಡಿಯೋ, ಮೊದಲ ಕೆಂಪು ನವಿಲು ಬಂತು. ಅದರ ಕೆಳಗ ಪ್ರೇಮಕುಮಾರನ ಹೆಸರು ಬಂತು.

ಮಹೇಶ್ವರಿ ಕೈಯಾಗಿನ ಬಸಿ ಹಂಗ ಹಿಡಕೊಂಡು ನಿಂತ್ಲು. ಅಕ್ಬರಸಾಬ ಎದ್ದು ಹೋದದ್ದ ತಡ, ನಾ ಮೂಲ್ಯಾಗಿನ ಕಸಬರಗಿ ತಗೊಂಡೆ.

"ಎಲ್ಲಿಗೆ ಹೊಂಟ್ರಿ ಅತ್ತಿ?"

"ಅವನ ಮಾಳಗಿಗೆ."

"ಕುಂದರ್ರಿ." ಬಾಗಲಾ ಮುಂದ ಮಾಡಿ ಆಕಿ ಹೇಳಿದ್ಲು, "ಈಗ ಜಗಳಾಡಿದ್ರ, 'ಹೌದು, ಆಕಿ ನನ್ನ ಆಫೀಸಿನ್ಯಾಗ ಪಗಾರ ತಗೊಂಡು ಬರದಾಳ, ನಾ ಹೇಳಿ ಬರಸೇನಿ' ಅಂತಾನ. ಮುಗೀತು. 'ಒಂದೊಂದ ಸಾಲೂ ನಾನ ಬರದೇನಿ' ಅಂತ ಅವನ ಬಾಯಿಂದ ನೂರು ಮಂದಿ ಮುಂದ ಬರ್ಲಿ. ಅಲ್ಲೀತನಕ ತಡೀರಿ."

"ಎಲ್ಲೀತನಕ?"

"ಸಂಘದವರು ಅವಂಗ ಶಾಲು ಹೊದಿಸೂತನಕ."

ನೋಡು, ನಾ ಕಸಬರಗಿ ಅಂದೆ, ಆಕಿ ಶಾಲು ಅಂದ್ಲು. ಸೇಡಿನ್ಯಾಗ ಆಕಿ ನನಗಿಂತ ದೊಡ್ಡಕಿ ಅಂತ ಅವತ್ತ ಒಪ್ಪಿಕೊಂಡೆ.

ಎರಡು ತಿಂಗಳು ತಡದ್ವಿ. ನಂಗ ಅದು ಎರಡು ವರ್ಷ. ಅಂವ ದಿವಸಾ ಕಟ್ಟಿ ಮುಂದ ಹಾಯ್ತಿದ್ದ, ಒಮ್ಮೊಮ್ಮೆ "ಆರಾಮ ಅದೀರೇನ್ರಿ ಅಜ್ಜಿ?" ಅಂತನೂ ಕೇಳ್ತಿದ್ದ. "ಆರಾಮ ಅದೇನಪ್ಪಾ, ನೀನೂ ಆರಾಮ ಇರು, ಈಗ," ಅಂತಿದ್ದೆ. ನಡುವ ಒಂದು ದಿವಸ ಬಾಗಲಕೋಟಿಗೆ ಕಣ್ಣ ತೋರಸಾಕ ದವಾಖಾನಿಗೆ ಹೋಗಿದ್ದೆ. ಬರೂವಾಗ ಅಮೀನಗಡದಾಗ ಬಸ್ಸು ನಿಂತ್ರ ಇಳದು, ಬೆಲ್ಲ, ಅಂಟು, ಗೇರುಬೀಜ ಹಾಕಿ ಮಾಡಿದ ಕರದಂಟು ಅರ್ಧ ಕಿಲೋ ತಗೊಂಡೆ. ಮನಿಗೆ ತಂದು ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕಿದೆ. ಗೀತಾ ಅತ್ಲು. ಕೊಡಲಿಲ್ಲ. ಅದು ಆ ದಿವಸಕ್ಕ ಅಂತ ಇಟ್ಟಿದ್ದು.

ಆ ದಿವಸ ಬಂತು. ಸಂಘದ ಹಾಲಿನ್ಯಾಗ ಮುಂಜಾನಿ ಹನ್ನೊಂದಕ್ಕ ಕಾರ್ಯಕ್ರಮ. ನೇಕಾರರು, ಅವರ ಹೆಂಡ್ರು ಮಕ್ಕಳು, ಗಚ್ಚಾಗಿ ಕುಂತಿದ್ರು. ಪ್ರೇಮಕುಮಾರನ ಆಫೀಸಿನವರೂ ಬಂದಿದ್ರು, ರಂಗವ್ವ ಹಿಂದ ನಿಂತಿದ್ಲು. ಗ್ವಾಡಿ ಮ್ಯಾಲ ದೊಡ್ಡದಾಗಿ ಕಾಣೂವಂಗ ಪ್ರೊಜೆಕ್ಟರ್ ಹಚ್ಚಿದ್ರು. ನಾಗಲಿಂಗ ನಮ್ಮ ಹಳೇ ಡಬ್ಬಿ ಅದ ಗೋಣಿಚೀಲದಾಗ ಸುತ್ತಿ ಟೆಂಪೋದಾಗ ತಂದು ಹೊರಗ ನಿಂತಿದ್ದ. ನಾ ನನ್ನ ಕೈಲೆ ನೇಯ್ದ ಹಳೇ ಸೀರಿ ಉಟ್ಟಿದ್ದೆ. ಉಡ್ಯಾಗ ಕರದಂಟು.

ಅಕ್ಬರಸಾಬ ಶಾಲು ಹೊದಿಸಿದ. ಪ್ರೇಮಕುಮಾರ ಮೈಕ್ ಹಿಡದ. "ಎರಡು ವರ್ಷ ನಿದ್ದಿಗೆಟ್ಟು ಮಾಡೇನ್ರಿ. ಒಂದೊಂದ ಸಾಲೂ, ಒಂದೊಂದ ಅಕ್ಷರನೂ ನಂದ. ಯಾರದೂ ಕೈ ಇಲ್ಲ ಇದರಾಗ."

ಮಹೇಶ್ವರಿ ನನ್ನ ಕಡೆ ನೋಡಿದ್ಲು. ಎದ್ದಳು.

"ಅಧ್ಯಕ್ಷರ, ಒಂದು ಮಾತು ಕೇಳ್ಲೇನ್ರಿ? ಸರ್ ಅವರ ಕೈ ಇದರಾಗ ಎಷ್ಟೈತಿ ಅಂತ ಎಲ್ಲಾರಿಗೂ ತೋರಿಸ್ತೇನಿ."

"ಇಕಿ ನನ್ನ ಆಫೀಸಿಂದ ತಗದ ಹಾಕಿದಕಿ ರೀ," ಅಂತ ಪ್ರೇಮಕುಮಾರ ಎದ್ದ. "ಹೊಟ್ಟಿಕಿಚ್ಚು!"

"ಹೊಟ್ಟಿಕಿಚ್ಚು ಇದ್ರ ಇರ್ಲಿ, ನೋಡೂಣಲ್ಲ," ಅಂದ ಅಕ್ಬರಸಾಬ. ಅಂವ ಶಾಂತ ಮನಿಶ್ಯಾ, ಆದ್ರ ಮಗ್ಗದ ಮುಂದ ಕುಂತಾವ್ರಿಗೆ ತಪ್ಪು ಎಳಿ ಹುಡುಕೂ ಚಟ ಇರ್ತೈತಿ.

ಎಲ್ಲಾರ ಮುಂದ ಸಂಘದ ಕಂಪ್ಯೂಟರದಿಂದ ಪ್ರೋಗ್ರಾಮನ್ನ ಪೆನ್‌ಡ್ರೈವಿಗೆ ತಗೊಂಡ್ರು. ನಾಗಲಿಂಗ ಡಬ್ಬಿ ತಂದಿಟ್ಟ. ಮಂದಿ ನಕ್ರು, ಇದೆಂಥಾ ಮುತ್ಯಾನ ಕಾಲದ್ದು ಅಂತ. ಮಹೇಶ್ವರಿ ಕರಿ ಪರದಿ ತಗದ್ಲು, ಒಂದು ಮಾತು ಟೈಪ್ ಮಾಡಿದ್ಲು. ಅಷ್ಟೊತ್ತು ಕಾಣದಿದ್ದ ಖಾಲಿ ಜಾಗಾ ಎಲ್ಲಾ ಚುಕ್ಕಿ ಚುಕ್ಕಿ ಆಗಿ ಕಂಡ್ವು. ಒಂದು, ಎರಡು, ಮೂರು, ಎರಡು, ಒಂದು. ಗ್ವಾಡಿ ತುಂಬ.

ಆವಾಗ ನಾ ಎದ್ದೆ. ಸೆರಗ ಬಿಚ್ಚಿ ಕೊಂಡಿ ಸಾಲು ಹಿಡದು ಮುಂದಿನ ಸಾಲಿನ ಹೆಂಗಸರಿಗೆ ಕೊಟ್ಟೆ. "ಎಡಗಡೆಯಿಂದ ಹನ್ನೊಂದು ಎಣಿಸ್ರಿ." ಎಣಿಸಿದ್ರು. ಹಸರ. "ಇದು ನನ್ನ ಗುರುತು. ಅಕಾ ಅದು ನನ್ನ ಸೊಸಿ ಗುರುತು." ಬ್ಯಾರೆ ಊರಾಗ ಆಗಿದ್ರ ಅರ್ಧ ದಿವಸ ತಿಳಿಸಿ ಹೇಳಬೇಕಿತ್ತು. ನೇಕಾರ ಮಂದಿಗೆ ಕಣ್ಣ ಮುಚ್ಚಿ ತಗಿಯೂದರಾಗ ತಿಳೀತು. ಹಾಲೆಲ್ಲಾ ಗುಜುಗುಜು.

ಪ್ರೇಮಕುಮಾರ ಬಿಳಚಿಕೊಂಡ, ಆದ್ರ ಬಿಡಲಿಲ್ಲ. "ಚುಕ್ಕಿ ಏನ್ರಿ, ನಂದೂ ಬಿದ್ದಿರಬಹುದು. ಎಲ್ಲಾರ ಸಾಲಿನ್ಯಾಗೂ ಬೀಳ್ತಾವ."

"ಬೀಳೂದಿಲ್ಲ ಸರ್," ಅಂದ್ಲು ಮಹೇಶ್ವರಿ. "ನಿಮ್ಮ ಲ್ಯಾಪ್‌ಟಾಪ್ ತಗೀರಿ. ಇವುದರಾಗ ಯಾವುದರ ಒಂದು ಫೈಲ್ ನಿಮ್ಮ ಎಡಿಟರಿನ್ಯಾಗ ತಗದು, ಒಂದು ಅಕ್ಷರ ಹಾಕಿ, ಅಳಿಸಿ, ಉಳಿಸ್ರಿ."

ನೂರು ಮಂದಿ ನೋಡಾಕತ್ತಾರ, ಒಲ್ಲೆ ಅಂದ್ರ ಹೆಂಗ? ಮಾಡಿದ. ಮಹೇಶ್ವರಿ ಅದನ್ನ ತಿರುಗಿ ಕರಿ ಪರದ್ಯಾಗ ತಗದ್ಲು. ಚುಕ್ಕಿ ಒಂದೂ ಇಲ್ಲ. ಕಸ ಹೊಡದಂಗ ಸ್ವಚ್ಛ.

"ನಿಮ್ಮ ಎಡಿಟರಿಗೆ ಸಾಲಿನ ತುದಿ ಬಳಿಯೂ ಹುಕುಂ ನೀವ ಹಾಕೀರಿ ಸರ್. ನೀವು ಇದರಾಗ ಒಂದು ಸಲರ ಕೆಲಸ ಮಾಡಿದ್ರ ಈ ಗುರುತು ಉಳೀತಿರಲಿಲ್ಲ. ನಾ ನಿಮ್ಮ ಆಫೀಸಿನ್ಯಾಗ ಕುಂತು ಬರದಿದ್ರೂ ಉಳೀತಿರಲಿಲ್ಲ. ಇಪ್ಪತ್ನಾಲ್ಕು ಫೈಲ್ ಅದಾವ. ನೀವು ಸಂಘಕ್ಕ ಕೊಟ್ಟಾಗ ಇಪ್ಪತ್ಮೂರರಾಗ ಗುರುತು ಹಂಗ ಇತ್ತು. ಒಂದರಾಗ ಅಷ್ಟ ಅಳಿಸೇತಿ. ಅದ್ಯಾವುದು ಗೊತ್ತೈತೇನ್ರಿ?"

ಆಕಿ ಅದನ್ನೂ ಗ್ವಾಡಿ ಮ್ಯಾಲ ತಗದ್ಲು. ನವಿಲಿಂದು. ಅದರ ಕೆಳಗ ಅವನ ಹೆಸರಿತ್ತು. ಚುಕ್ಕಿ ಇರಲಿಲ್ಲ.

"ಹೆಸರು ಬದಲಿ ಮಾಡಿದ ಫೈಲ್ ಇದೊಂದ. ನಿಮ್ಮ ಕೈ ಇರೂದು ಇದರಾಗ ಅಷ್ಟ ಸರ್."

ಅಕ್ಬರಸಾಬ ಶಾಲು ಕಡೆ ನೋಡಿದ, ಅವನ ಕಡೆ ನೋಡಿದ. ಭಾಳ ಮೆತ್ತಗ ಹೇಳಿದ, "ಪ್ರೇಮಕುಮಾರ, ಶಾಲು ಇರ್ಲಿ, ಥಂಡಿಗೆ ಬರ್ತೈತಿ. ಆ ಹೆಸರು ಮಾತ್ರ ನಿನ್ನ ಕೈಲೆ ನೀನ ತಗಿ."

ಇಷ್ಟಕ್ಕ ಮುಗದಿದ್ರ ಅದು ನ್ಯಾಯ ಆಗ್ತಿತ್ತು. ಸೇಡು ಆಗ್ತಿರಲಿಲ್ಲ. ನನ್ನ ಸೊಸಿ ಖುರ್ಚಿ ಬಿಟ್ಟು ಎದ್ದು, ಕೀಬೋರ್ಡ್ ಅವನ ಕಡೆ ತಿರುಗಿಸಿದ್ಲು. ಗ್ವಾಡಿ ಮ್ಯಾಲ ಅದ ಕರಿ ಪರದಿ, ಅವನ ಹೆಸರು.

"ಬರ್ರಿ ಸರ್. ಹೆಸರು ತಗದು ಹೊರಗ ಬರ್ರಿ."

"ನನ್ನ ಲ್ಯಾಪ್‌ಟಾಪಿನ್ಯಾಗ ಮಾಡ್ತೇನಿ..."

"ಅಂಗನವಾಡಿ ಪಾಟಿ ಸರ್, ಇದು. ನಿಮಗ ಬರದಿದ್ರ ಹೆಂಗ?"

ಕುಂತ. ಕುಂದರಬೇಕಾತು. ನಾ ಉಡ್ಯಾಗಿಂದು ಕರದಂಟಿನ ಒಂದು ತುಂಡು ತಗದು ಬಾಯಾಗ ಹಾಕಿಕೊಂಡೆ. ನನಗ ಹಲ್ಲಿಲ್ಲ, ಮೂರು ಅದಾವ, ಅವು ಲೆಕ್ಕಕ್ಕಿಲ್ಲ. ಕರದಂಟು ಕರಗೂತನಕ ಚೀಪಬೇಕು. ಅಂವ ಒಂದು ಗುಂಡಿ ಒತ್ತಿದ, ಹೆಸರು ಒಂದಿದ್ದದ್ದು ಎರಡಾತು. ಮಂದಿ ನಕ್ರು. ಇನ್ನೊಂದು ಒತ್ತಿದ, ಕೆಳಗಿನ ಸಾಲು ಹೋತು, ಹೆಸರು ಉಳೀತು. ಟಣ್ ಟಣ್ ಅಂತ ಡಬ್ಬಿ ಒದರಿತು. ಅಂಟು ಇನ್ನೂ ಕರಗಿರಲಿಲ್ಲ. ಬೆವರು ಎಣ್ಣಿ ಕೂಡಿ ಕಿವಿ ಹಿಂದ ಇಳೀತು. ಮೌಸು ಹುಡುಕಿದ. ನಮ್ಮ ಡಬ್ಬಿಗೆ ಮೌಸ ಇಲ್ಲಲ್ಲ. ಗೇರುಬೀಜ ಒಂದು ನಾಲಿಗಿಗೆ ಸಿಕ್ತು, ಅದನ್ನ ಎಡದವಡಿಗೆ ಸರಿಸಿದೆ. ಅಂವ ವಾಯರಿನ ಕಡೆ ನೋಡಿದ. ನಾಗಲಿಂಗ ಅದರ ಮುಂದ ಕೈಕಟ್ಟಿಕೊಂಡು ನಿಂತಿದ್ದ, ಕಲ್ಲು ಎತ್ತೂ ಆಳು ಅಂವ.

ಹಿಂದಿಂದ ರಂಗವ್ವ ಒದರಿದ್ಲು, "ಸಾಹೇಬ್ರ, ಇನ್ನೂ ಬಾಗಲಾ ಸಿಗವಲ್ದೇನ್ರಿ?"

ಆ ನಗಿ ನಾ ಸಾಯೂತನಕ ಮರಿಯೂದಿಲ್ಲ. ಹಂಚು ಹಾರಿ ಹೋಗೂವಂಗ.

ಕರದಂಟು ಪೂರಾ ಕರಗಿದ ಹೊತ್ತಿಗೆ ಅಂವ ತಲಿ ಎತ್ತಿದ. ಭಾಳ ಸಣ್ಣ ದನಿಲೆ, "ಮಹೇಶ್ವರಿಯವ್ರ, ಹೊರಗ ಹೆಂಗ ಬರೂದ್ರಿ?" ಅಂದ.

ಮೂರು ವರ್ಷದಾಗ ಅವಂಗ ಮೊದಲ ಸಲ ಆಕಿಗೆ ರೀ ಹಚ್ಚಿ ಮಾತಾಡಾಕ ಬಂತು.

ಮಹೇಶ್ವರಿ ನನ್ನ ಕಡೆ ನೋಡಿದ್ಲು. ನಾ ಇನ್ನೊಂದು ತುಂಡು ಬಾಯಾಗ ಹಾಕಿಕೊಂಡೆ. ಆಕಿಗೆ ತಿಳೀತು. ಅದೂ ಕರಗೂತನಕ ಆಕಿ ಸುಮ್ನ ನಿಂತ್ಲು. ಆಮ್ಯಾಲ ಬಗ್ಗಿ, ಅವನ ಹೆಸರು ಎರಡೂ ಸಾಲು ಎರಡು ಬೆರಳಿಲೆ ಅಳಿಸಿ, ಹೋಗಿದ್ದ ಸಾಲು ತಿರುಗಿ ತಂದು, ತನ್ನ ಹೆಸರು ಬರದು, ಹೊರಗ ಬಂದ್ಲು. ಕೈ ನೋಡಲಿಲ್ಲ. ಅವನ ಮಾರಿ ನೋಡಾಕತ್ತಿದ್ಲು.

ಈಗ ಸಂಘದ ಪ್ರೋಗ್ರಾಮಿನ ಕೆಲಸ ಎಲ್ಲಾ ಆಕೀದ. ಸಂಘದಾಗ ಆಕಿಗೊಂದು ಖೋಲಿ ಕೊಟ್ಟಾರ, ಇಬ್ಬರು ಹುಡುಗ್ಯಾರು ಕೈಕೆಳಗ ಕಲೀತಾರ. ಅವರಿಗೆ ಮೊದಲ ಬಣ್ಣದ್ದ ಕಲಿಸ್ತಾಳ. "ಹೊಸಬರಿಗೆ ಅದ ಛಲೋ ಅಂತ ನಾನ ಹೇಳಿದ್ದೆನಲ್ರಿ ಅತ್ತಿ," ಅಂತಾಳ. ನಿನ್ನೆ ಮತ್ತ ಹೇಳಿದ್ಲು, "ಅಷ್ಟೊತ್ತು ಅವನ್ನ ಕುಂದರಿಸಬಾರದಿತ್ತೇನೋ, ಎರಡನೇ ತುಂಡು ಹೆಚ್ಚಾತು" ಅಂತ. ಆಕಿ ಸಣ್ಣಕಿ, ಇನ್ನೂ ಮರಗಾಕ ವಯಸ್ಸೈತಿ. ನಂಗಿಲ್ಲ.

ಅಂವ ಗಟಾರದ ದಾರಿ ಹಿಡದಾನ ಅಂದೆನಲ್ಲ. ಅಲ್ಲಿ ಕಿರಾಣಿ ಅಂಗಡಿ ಹಿಂದ ಒಂದು ಕಲ್ಲು ಕಟ್ಟಿ ಐತಿ, ಬೇವಿನ ನೆರಳು ಛಲೋ ಬೀಳ್ತೈತಿ. ನಾಗಲಿಂಗಗ ಹೇಳೇನಿ, ಫ್ಯಾಕ್ಟರ್ಯಾಗ ಉಳದ ಒಂದು ನುಣ್ಣನ್ನ ಕಲ್ಲು ತಂದು ಅದರ ಮ್ಯಾಲ ಹಾಸು ಅಂತ. ನಾಳಿಂದ ನಾ ಅಲ್ಲೇ ಕುಂದರ್ತೇನಿ. ಏ ಗೀತಾ, ಟ್ರಂಕಿನ ಕೀಲಿ ಎಲ್ಲಿಟ್ಟಿ? ಇನ್ನೂ ನಾಕು ತುಂಡು ಉಳದಾವ.